ಯಾವ ರಾಜ್ಯದವರು ಎಂದು ಕೇಳಿದ ಗೆಳೆಯನಿಗೆ

ಹೋದ ವಾರ ಫೋನಿನಲ್ಲಿ ನೀನು ಎರಡು ಮಾತು ಕೇಳಿದೆ. "ಮಹಾರಾಷ್ಟ್ರದಲ್ಲಿದ್ದುಕೊಂಡು ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಲ್ಲ, ಎಲ್ಲಿ ಕಲಿತೆ?" ಅಂತ ಒಂದು. "ಅಷ್ಟು ತೊಂದರೆ ಇದ್ರೆ ಕರ್ನಾಟಕದ ರೈಲ್ವೆಗೆ ಟ್ರಾನ್ಸ್‌ಫರ್ ಮಾಡಿಸ್ಕೊಂಡು ಬಂದುಬಿಡಬಾರದಾ?" ಅಂತ ಇನ್ನೊಂದು. ಆಗ ಡ್ಯೂಟಿಗೆ ಹೊತ್ತಾಗಿತ್ತು, ಸುಮ್ಮನೆ ನಕ್ಕು ಇಟ್ಟೆ. ಉತ್ತರ ಕೊಡದೆ ಬಿಡುವ ಮಾತಲ್ಲ ಅವು, ಅದಕ್ಕೇ ಬರೆಯುತ್ತಿದ್ದೇನೆ.

ಕನ್ನಡವನ್ನು ನಾವು ಎಲ್ಲಿಂದಲೂ ಕಲಿತು ಬಂದವರಲ್ಲ ಗೆಳೆಯಾ. ಅಕ್ಕಲಕೋಟೆ ತಾಲೂಕಿನಲ್ಲಿ ನಮ್ಮ ಅವ್ವ ತೊಟ್ಟಿಲು ತೂಗಿದ್ದು ಕನ್ನಡದಲ್ಲಿ, ದುಧನಿಯ ಪೇಟೆಯಲ್ಲಿ ತೊಗರಿ ಚೀಲಕ್ಕೆ ದರ ಕೂಗುವುದು ಕನ್ನಡದಲ್ಲಿ, ಜಗಳವಾದರೆ ಬೈಯುವುದೂ ಕನ್ನಡದಲ್ಲೇ. ನೀವು ಶಾಲೆಯಲ್ಲಿ ಓದುವ ವಚನಕಾರ ಸಿದ್ಧರಾಮನ ಸೊನ್ನಲಿಗೆ ಎಂದರೆ ಇದೇ ಸೊಲ್ಲಾಪುರ. ಪ್ರತಿ ಸಂಕ್ರಾಂತಿಗೆ ಅಲ್ಲಿ ಸಿದ್ಧರಾಮೇಶ್ವರನ ಜಾತ್ರೆಯಲ್ಲಿ ನಂದಿಕೋಲು ಎತ್ತುವವರಲ್ಲಿ ಕನ್ನಡದವರು, ಮರಾಠಿಯವರು ಎಲ್ಲರೂ ಇರುತ್ತಾರೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಾವು ಈಗಿನ ಮಹಾರಾಷ್ಟ್ರದ ಕಡೆ ಉಳಿದೆವು. ಗಡಿ ಜಗಳಕ್ಕೆಂದು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗದ 1967ರ ವರದಿ ಅಕ್ಕಲಕೋಟೆ ತಾಲೂಕನ್ನೂ ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಹಲವು ಹಳ್ಳಿಗಳನ್ನೂ ಕರ್ನಾಟಕಕ್ಕೆ ಸೇರಿಸಬೇಕು ಎಂದಿತ್ತು. ಅದು ಕಾಗದದಲ್ಲೇ ಉಳಿಯಿತು. 2022ರಲ್ಲಿ ಮತ್ತೆ ಆ ಮಾತು ಎದ್ದು ನಮ್ಮ ಸುತ್ತಲಿನ ಹಳ್ಳಿಗಳ ಹೆಸರು ಟೀವಿಯಲ್ಲಿ ಬಂದದ್ದನ್ನು ನೀನೂ ನೋಡಿರಬೇಕು. ನನಗೆ ಯಾವ ರಾಜ್ಯದ ಮೇಲೂ ಸಿಟ್ಟಿಲ್ಲ. ರೈಲು ಹಳಿ ಕಾಯುವ ನಮ್ಮ ಗ್ಯಾಂಗಿನಲ್ಲಿ ಅರ್ಧ ಜನ ಮರಾಠಿಯವರು. ಬುತ್ತಿ ಬಿಚ್ಚಿದರೆ ಅವರ ಭಾಕರಿ, ನಮ್ಮ ಕಡಕ್ ರೊಟ್ಟಿ, ಇಬ್ಬರಿಗೂ ಒಂದೇ ಶೇಂಗಾ ಹಿಂಡಿ. ಆದರೆ "ಎಲ್ಲಿ ಕಲಿತೆ" ಎಂದು ಕೇಳಿದರೆ ಮಾತ್ರ ನೋವಾಗುತ್ತದೆ.

ಇನ್ನು ಆ "ಕರ್ನಾಟಕದ ರೈಲ್ವೆ". ಹಾಗೊಂದು ಇಲ್ಲ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕಚೇರಿ ಇದೆ ನಿಜ, ನಿಮ್ಮ ಮೈಸೂರು ಅದರಲ್ಲಿ ಬರುತ್ತದೆ. ನಮ್ಮ ಹಳಿ ಬರುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ, ಮುಖ್ಯ ಕಚೇರಿ ಮುಂಬೈ. ಕಲಬುರಗಿ, ಶಹಾಬಾದ, ವಾಡಿ ಕೂಡ ಇದೇ ವಿಭಾಗ. ಅಲ್ಲಿಂದ ಮುಂದೆ ರಾಯಚೂರು ಬೇರೆ ವಿಭಾಗದ್ದು. ಸೊಲ್ಲಾಪುರದ ಪಕ್ಕದ ಹೋಟಗಿಯಲ್ಲಿ ವಿಜಯಪುರದ ಕಡೆಗೆ ಕವಲೊಡೆಯುವ ಹಳಿ ಹುಬ್ಬಳ್ಳಿ ವಿಭಾಗದ್ದು. ಇದೆಲ್ಲ ಭಾಷೆ ನೋಡಿ ಹಂಚಿದ್ದಲ್ಲ. ಮುಂಬೈಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಕಂಪನಿಯ ಹಳಿ, ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ರಾಯಚೂರಲ್ಲಿ ಕೂಡಿದವು. ಆಗ ಈ ರಾಜ್ಯಗಳೇ ಇರಲಿಲ್ಲ. ಇವತ್ತಿಗೂ ನಮ್ಮ ಹಳಿಯ ಪಕ್ಕದ ಕಿಲೋಮೀಟರ್ ಕಲ್ಲುಗಳ ಎಣಿಕೆ ಮುಂಬೈಯಿಂದಲೇ, ಸೊಲ್ಲಾಪುರಕ್ಕೆ 455. ಕಲಬುರಗಿಗೇ ಒಂದು ವಿಭಾಗ ಕೊಡುತ್ತೇವೆ ಎಂದು ಖರ್ಗೆಯವರು ರೈಲ್ವೆ ಮಂತ್ರಿಯಾಗಿದ್ದಾಗ, 2014ರಲ್ಲಿ ಮಾತಾಗಿತ್ತು. ಅದರ ದಾರಿ ಕಾದು ಗ್ಯಾಂಗು ನಡೆಸುತ್ತಿದ್ದ ನಮ್ಮ ಹಿರಿಯ ಮೇಟ್‌ಗಳು ನಿವೃತ್ತರಾದರು.

ಬೇರೆ ವಲಯಕ್ಕೆ ವರ್ಗ ಕೇಳಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಸ್ವಂತ ಕೋರಿಕೆಯ ವರ್ಗಾವಣೆ ಎಂದರೆ ಸೀನಿಯಾರಿಟಿ ತಳಕ್ಕೆ ಹೋಗುತ್ತದೆ. ಟ್ರ್ಯಾಕ್‌ಮನ್ ಆಗಿ ಸೇರಿ, ವರ್ಷಗಟ್ಟಲೆ ಖಡಿ, ಅಂದರೆ ಹಳಿಯ ಕೆಳಗಿನ ಜಲ್ಲಿಕಲ್ಲು, ಎತ್ತಿ, ಈಗ ಕೀಮ್ಯಾನ್ ಆಗಿದ್ದೇನೆ. ಅಲ್ಲಿ ಹೋಗಿ ಮತ್ತೆ ಕೊನೆಯವನಾಗಿ ನಿಲ್ಲಬೇಕು. ಮೇಲಾಗಿ ನಾನು ಬಿಟ್ಟು ಯಾಕೆ ಬರಲಿ? ಈ ಹಳಿ ನಮ್ಮಪ್ಪ ಕಾಯ್ದದ್ದು. ಅವನು ಕ್ಯಾಜುವಲ್ ಆಗಿ ಸೇರಿ ಆಮೇಲೆ ಪರ್ಮನೆಂಟ್ ಆದವನು. ಕಟ್ಟಿಗೆಯ ಸ್ಲೀಪರ್ ತೆಗೆದು ಸಿಮೆಂಟಿನದು ಹಾಕಿದ ಕಾಲದಲ್ಲಿ ಅವನ ಹೆಗಲ ಮೇಲೆ ಬಿದ್ದ ಗುರುತು ಕೊನೆವರೆಗೂ ಇತ್ತು.

ಕೀಮ್ಯಾನ್ ಕೆಲಸ ಏನು ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ನೀನು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬೈಗೆ ಹೋಗುವಾಗ ಹಳಿಯ ಪಕ್ಕ ಕಿತ್ತಳೆ ಜಾಕೆಟ್ ಹಾಕಿ, ಹೆಗಲಿಗೆ ಸ್ಪ್ಯಾನರ್, ಕೈಯಲ್ಲಿ ಸುತ್ತಿಗೆ ಹಿಡಿದು ಒಬ್ಬನೇ ನಿಂತಿರುತ್ತಾನಲ್ಲ, ಅವನೇ. ಆರೇಳು ಕಿಲೋಮೀಟರಿನ ಬೀಟು. ಹೋಗುವಾಗ ಒಂದು ಹಳಿ ನೋಡುತ್ತಾ ಹೋಗಬೇಕು, ಬರುವಾಗ ಇನ್ನೊಂದು. ಸಡಿಲಾದ ಕ್ಲಿಪ್ಪು ಬಡಿದು ಕೂರಿಸಬೇಕು, ಜೋಡಿನ ಬೋಲ್ಟ್ ಬಿಗಿಯಬೇಕು. ಬಿಗಿಯಿರುವ ಕ್ಲಿಪ್ಪಿಗೆ ಸುತ್ತಿಗೆ ತಾಗಿದರೆ ಸದ್ದು ಖಣಿಲ್ ಎನ್ನುತ್ತದೆ, ಸಡಿಲಿದ್ದರೆ ಸದ್ದು ಸತ್ತಿರುತ್ತದೆ. ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ನೆಲ ಉಬ್ಬಿ ಖಡಿಯೊಳಗಿಂದ ಕೆಸರು ಮೇಲೆ ಬರುತ್ತದೆ. ಬ್ಯಾಸಗಿಯಲ್ಲಿ ಹಳಿ ಕಾದು ಹಿಗ್ಗಿ ಬಾಗುವ ಭಯ, ಮಧ್ಯಾಹ್ನ ಗಸ್ತು. ಚಳಿಯಲ್ಲಿ ಹಳಿ ಕುಗ್ಗಿ ಬಿರಿಯುವ ಭಯ, ರಾತ್ರಿ ಗಸ್ತು. ಬಿರುಕು ಕಂಡರೆ ಮೊದಲು ಗಾಡಿ ತಡೆಯಬೇಕು: ಕೆಂಪು ಬಾವುಟ ಹಿಡಿದು ಓಡಿ, 600 ಮೀಟರಿಗೆ ಒಂದು ಪಟಾಕಿ (ಚಕ್ರ ಹತ್ತಿದರೆ ಸಿಡಿದು ಡ್ರೈವರನಿಗೆ ಎಚ್ಚರಿಕೆ ಕೊಡುವಂಥದ್ದು), 1200 ಮೀಟರಿಗೆ ಹತ್ತತ್ತು ಮೀಟರ್ ಬಿಟ್ಟು ಮೂರು ಪಟಾಕಿ ಹಳಿಯ ಮೇಲೆ ಕಟ್ಟಬೇಕು. ಖಡಿಯ ಮೇಲೆ ಓಡುವುದು ರಸ್ತೆಯಲ್ಲಿ ಓಡಿದ ಹಾಗಲ್ಲ. ಈ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ಸಾವಿರಾರು ಜನ ನಿದ್ದೆಯಲ್ಲಿ ನನ್ನ ಬೀಟು ದಾಟಿ ಹೋಗುತ್ತಾರೆ.

ಕ್ವಾರ್ಟರ್ಸು, ಪಾಸು, ಅವ್ವನನ್ನು ಸೊಲ್ಲಾಪುರದ ರೈಲ್ವೆ ದವಾಖಾನೆಗೆ ಕರೆದೊಯ್ಯುವುದು, ಹಬ್ಬದ ದಿನವೇ ಡ್ಯೂಟಿ ಬೀಳುವುದು, ಇವೆಲ್ಲ ಎಲ್ಲ ರೈಲ್ವೆ ಮನೆಗಳಲ್ಲೂ ಇದ್ದದ್ದೇ. ಅದನ್ನೇನು ಹೇಳುವುದು.

ನಮ್ಮನ್ನು ಸುಸ್ತು ಮಾಡಿದ್ದು ಬೇರೆ. ದುಧನಿ ಬಿಟ್ಟು ಗಾಣಗಾಪುರ ರೋಡ್ ಮುಟ್ಟುವುದರೊಳಗೆ ರಾಜ್ಯ ಬದಲಾಗಿರುತ್ತದೆ. ವಿಭಾಗ ಮಾತ್ರ ಅದೇ. ಹಾಗಾಗಿ ರೈಲ್ವೆಯ ಲೆಕ್ಕದಲ್ಲಿ ಸಣ್ಣದೊಂದು ಬದಲಿ, ನಾಲ್ಕು ಸ್ಟೇಷನ್ ಆಚೆಗೆ, ಎಂದರೆ ನಮ್ಮ ಮನೆಯ ಲೆಕ್ಕದಲ್ಲಿ ಬೇರೆ ರಾಜ್ಯ, ಬೇರೆ ಶಾಲೆ ಮಂಡಳಿ, ಬೇರೆ ತಹಶೀಲ್ದಾರ. ನನಗೆ ಕರ್ನಾಟಕದ ಕಡೆಯ ಗ್ಯಾಂಗಿಗೆ ಬದಲಿ ಆದಾಗ ಮಗಳು ಆರನೇ ಇಯತ್ತೆಯಲ್ಲಿದ್ದಳು, ಊರಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ. ಹೌದು, ಮಹಾರಾಷ್ಟ್ರದಲ್ಲಿ ಸರ್ಕಾರಿ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿಯವರು ಗಣಿತ, ವಿಜ್ಞಾನ, ಶಿವಾಜಿ ಮಹಾರಾಜರ ಇತಿಹಾಸ ಎಲ್ಲವನ್ನೂ ಕನ್ನಡದಲ್ಲೇ ಅಚ್ಚು ಹಾಕಿ ಕೊಡುತ್ತಾರೆ. ಹತ್ತನೆಯ ಮಂಡಳಿ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಈ ಮಾತು ಹೇಳಿದಾಗ ಬೆಂಗಳೂರಿನವರು ನಂಬುವುದೇ ಇಲ್ಲ.

ಬದಲಿಯಾದ ಕೂಡಲೇ ಸಂಸಾರ ಕಟ್ಟಿಕೊಂಡು ಕ್ವಾರ್ಟರ್ಸಿಗೆ ಹೋಗಬೇಕಿತ್ತು. ಮಾಸ್ತರರೊಬ್ಬರು ತಡೆದರು. "ಹುಡುಗಿ ಮುಂದ ಇಂಜಿನಿಯರಿಂಗ್ ಅಂದ್ರ ಏನ್ ಮಾಡ್ತೀರಿ? ಮೊದಲ ವರ್ಷ ಎಣಿಸ್ರಿ" ಅಂದರು. ಅವತ್ತಿನಿಂದ ನಾವು ಎಣಿಸುತ್ತಲೇ ಇದ್ದೇವೆ. ಕರ್ನಾಟಕದ ಸಿಇಟಿಯಲ್ಲಿ ಸಾಮಾನ್ಯ ದಾರಿ ಎಂದರೆ ಒಂದನೆಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಏಳನೆಯಿಂದ ಕರ್ನಾಟಕದ ಶಾಲೆಗೆ ಸೇರಿಸಿದರೆ ಆಗುವುದು ಆರೇ. ಗಡಿನಾಡ ಕನ್ನಡಿಗರಿಗೆ ಬೇರೊಂದು ಕಲಮು ಇದೆ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ, ಅತ್ತ ಕಾಸರಗೋಡಿನ ಕಡೆಯ ತಾಲೂಕುಗಳಿಗೆ. ಒಳ್ಳೆಯ ಕಲಮು, ಮಾಡಿದವರನ್ನು ನೆನೆಯುತ್ತೇನೆ. ಆದರೆ ಅದು ಬಯಸುವುದು ಅದೇ ತಾಲೂಕಿನಲ್ಲಿ ವಾಸ, ಅದೇ ತಾಲೂಕಿನಲ್ಲಿ ಓದು. ಗಡಿ ದಾಟಿ ಕರ್ನಾಟಕದ ಶಾಲೆಗೆ ಸೇರಿದ ಮಗು ಗಡಿನಾಡಿನದಾಗಿ ಉಳಿಯುವುದಿಲ್ಲ, ಕರ್ನಾಟಕದ್ದಾಗಲು ವರ್ಷ ಸಾಲುವುದಿಲ್ಲ. ಇನ್ನು ಮಹಾರಾಷ್ಟ್ರದ ಕಡೆ ನೋಡಿದರೆ ಅಲ್ಲಿಯವರು ಹತ್ತು, ಹನ್ನೆರಡು ಎರಡನ್ನೂ ಅಲ್ಲೇ ಪಾಸಾದವರನ್ನು ಮೊದಲು ನೋಡುತ್ತಾರೆ, ಜೊತೆಗೆ ಡೊಮಿಸೈಲ್, ಅಂದರೆ ಅಲ್ಲಿಯ ವಾಸದ ಪ್ರಮಾಣಪತ್ರ. ಕೇಂದ್ರ ನೌಕರರ ಮಕ್ಕಳಿಗೆಂದು ಬೇರೆ ಕಲಮುಗಳಿವೆ, ಅವಕ್ಕೆ ಅವುಗಳದೇ ಷರತ್ತು, ಅವುಗಳದೇ ಕಾಗದ.

ಅದಕ್ಕೇ ಮನೆ ಎರಡಾಯಿತು. ಹೆಂಡತಿ, ಮಕ್ಕಳು, ಅವ್ವ ಊರಲ್ಲಿ. ನಾನು ಕ್ವಾರ್ಟರ್ಸಿನಲ್ಲಿ ಒಬ್ಬನೇ, ಸ್ಟೋವ್ ಹಚ್ಚಿಕೊಂಡು. ರೆಸ್ಟ್ ಸಿಕ್ಕ ದಿನ ಪ್ಯಾಸೆಂಜರ್ ಹಿಡಿದು ಹೋಗುತ್ತೇನೆ. ಮಗನಿಗೆ ನಾನು ಬಂದ ದಿನವೇ ಭಾನುವಾರ. ಹೊಲ, ಎಮ್ಮೆ, ಅವ್ವನ ಔಷಧಿ, ಮಕ್ಕಳ ಶಾಲೆ ಎಲ್ಲ ಹೆಂಡತಿಯೊಬ್ಬಳ ತಲೆ ಮೇಲೆ. ಅವಳು ಒಂದು ದಿನವೂ ಬೇಸರ ಮಾಡಿಕೊಂಡು ಮಾತಾಡಿಲ್ಲ. ಆದರೆ ಕಚೇರಿಯವರ ಮುಂದೆ ನಿಂತು ಬಂದ ದಿನ ಊಟ ಮಾಡುವುದಿಲ್ಲ.

ವಾಸದ ದಾಖಲೆಗೆ ನಾವು ಹೋದ ಒಂದು ಕಚೇರಿಯಲ್ಲಿ ಗುಮಾಸ್ತ ನನ್ನ ಸಂಬಳದ ಚೀಟಿ ನೋಡಿದ. ಡ್ಯೂಟಿ ಸ್ಥಳ ಕರ್ನಾಟಕ. "ಅಲ್ಲಿ ಕೆಲಸ, ಅಲ್ಲಿ ಕ್ವಾರ್ಟರ್ಸು, ಇಲ್ಲಿ ವಾಸ ಹೇಗೆ ಆಗುತ್ತೆ?" ಎಂದು ಮರಾಠಿಯಲ್ಲಿ ಕೇಳಿದ. ರೇಷನ್ ಕಾರ್ಡು, ಹೊಲದ ಉತಾರ, ಕರೆಂಟ್ ಬಿಲ್ಲು ಎಲ್ಲ ಇಟ್ಟೆ. ಕನ್ನಡ ಶಾಲೆಯ ದಾಖಲೆ ನೋಡಿ "ಮರಾಠಿಯಲ್ಲಿ ತನ್ನಿ" ಅಂದ. ಗಡಿ ಈ ಕಡೆಯ ಇನ್ನೊಂದು ಕಚೇರಿಯಲ್ಲಿ ಅದೇ ಕಡತ ಇಟ್ಟಾಗ, ಮರಾಠಿಯ ಮೊಹರು ನೋಡಿ "ಇದು ನಮಗೆ ನಡೆಯಲ್ಲ, ನೀವು ಮಹಾರಾಷ್ಟ್ರದವರು" ಅಂದರು, ಅದೂ ಕನ್ನಡದಲ್ಲಿ. ನಮ್ಮ ಮುತ್ತಜ್ಜನ ಊರು ಆಳಂದದ ಕಡೆ, ನಿಜಾಮನ ರಾಜ್ಯ. ಅಲ್ಲಿಯ ಹಳೆಯ ಕಾಗದ ಉರ್ದುವಿನಲ್ಲಿದೆ. ಅಜ್ಜ ಬಂದು ನೆಲೆಸಿದ್ದು ಅಕ್ಕಲಕೋಟೆ ಸಂಸ್ಥಾನದಲ್ಲಿ. ಎರಡೂ ರಾಜ್ಯಗಳು 1948ರಲ್ಲಿ ಹೋದವು, ಆದರೆ ಅವರು ಇಟ್ಟ ಗಡಿಯ ಲೆಕ್ಕವನ್ನು ನಾವು ಈಗಲೂ ಒಪ್ಪಿಸುತ್ತಿದ್ದೇವೆ. ಅಜ್ಜನ ಕಾಲದಿಂದ ಎಲ್ಲೂ ಹೋಗದೆ ಇದ್ದಲ್ಲೇ ಇದ್ದವರನ್ನು ಎರಡೂ ಕಡೆಯವರು ಹೊರಗಿನವರು ಎಂದರೆ ಏನು ಮಾಡಬೇಕು ಹೇಳು. ಬೆಳಿಗ್ಗೆ ಮಹಾರಾಷ್ಟ್ರದಲ್ಲಿ ಅವ್ವನ ಕೈಯ ಚಹಾ ಕುಡಿದು, ಮಧ್ಯಾಹ್ನ ಕರ್ನಾಟಕದ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುವವನು ನಾನು. ಎರಡೂ ನನ್ನ ನೆಲವೇ.

ಈಗ ಮಗಳು ಹತ್ತನೆಯಲ್ಲಿದ್ದಾಳೆ. ಗಣಿತದಲ್ಲಿ ಚುರುಕು. ಅವಳ ಗೆಳತಿಯರ ಅಣ್ಣಂದಿರೆಲ್ಲ ಕಲಬುರಗಿಯ ಪಿಯು ಕಾಲೇಜುಗಳಿಗೆ ಸೇರಿದ್ದಾರೆ, ರೈಲು ಹತ್ತಿದರೆ ದೂರವೇನಲ್ಲ, ನನ್ನ ಕ್ವಾರ್ಟರ್ಸಿನಿಂದ ಓಡಾಡಬಹುದು. ಅವಳಿಗೂ ಅಲ್ಲೇ ಆಸೆ. ಒಂದೇ ಸೂರಿನಡಿ ಇರುವ ಆಸೆ ನಮಗೂ ಇದೆ. ಆದರೆ ಅಲ್ಲಿಗೆ ಹೋದರೆ ಇಷ್ಟು ವರ್ಷ ಕಾಯ್ದಿಟ್ಟ ಗಡಿನಾಡಿನ ಲೆಕ್ಕ ಮುರಿದುಹೋಗುತ್ತದೆ. ಹಾಗಾಗಿ ಅಕ್ಕಲಕೋಟೆಯಲ್ಲೇ ಹನ್ನೊಂದು, ಹನ್ನೆರಡು ಓದಲಿ ಎಂದು ತೀರ್ಮಾನ ಮಾಡಿದ್ದೇವೆ. ಆ ದಿನ ಅವಳು ಅತ್ತಳು. ಮರುದಿನ ತಾನೇ ಹೋಗಿ ಅಲ್ಲಿಯ ಕಾಲೇಜಿನ ಫಾರ್ಮ್ ಯಾವಾಗ ಎಂದು ವಿಚಾರಿಸಿ ಬಂದಳು.

ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ ಇದು: ಬರಲು ಮನಸ್ಸಿಲ್ಲವೆಂದಲ್ಲ, ಬರಬೇಕಾದ ಊರು ಇದೇ ಆಗಿದೆ. ನಿನಗೆ ನಿಜವಾಗಿ ಸಹಾಯ ಮಾಡಬೇಕೆನಿಸಿದರೆ ಒಂದು ಕೆಲಸ ಮಾಡು. ನಿಮ್ಮ ಭಾವ ಶಿಕ್ಷಣ ಇಲಾಖೆಯಲ್ಲಿದ್ದಾರೆ ಎಂದಿದ್ದೆಯಲ್ಲ, ಅವರನ್ನು ಎರಡು ವಿಷಯ ಕೇಳು. ಮಹಾರಾಷ್ಟ್ರದ ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಪ್ರತಿಸಹಿ ಆ ಕಡೆಯ ಅಧಿಕಾರಿಯದೇ ಸಾಕೋ, ಈ ಕಡೆಯದೂ ಬೇಕೋ? ತಂದೆ ಬೇರೆ ರಾಜ್ಯದಲ್ಲಿ ಡ್ಯೂಟಿಯಲ್ಲಿದ್ದರೆ ತಾಯಿಯ ಹೆಸರಿನ ವಾಸದ ದಾಖಲೆ ನಡೆಯುತ್ತದೋ? ಬಾಯಿಮಾತು ಬೇಡ, ಸುತ್ತೋಲೆ ಇದ್ದರೆ ಅದರ ನಂಬರಿನ ಸಮೇತ ಕಳಿಸು. ಕಡತಕ್ಕೆ ಹಚ್ಚಿಟ್ಟುಕೊಳ್ಳುತ್ತೇನೆ.