ಒಂದೇ ಹಾಲ್‌ನಲ್ಲಿ ಊಟವೂ ಮೀಟಿಂಗೂ

ನಮಸ್ಕಾರ. 40 ಜನರ ಆಫೀಸು, ಇರುವುದು 20ಕ್ಕೆ 30 ಅಡಿಯ ಒಂದೇ ಹಾಲ್, ಅದರಲ್ಲೇ ಊಟ, ಮೀಟಿಂಗ್ ಎರಡೂ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ.

ಮೊದಲು ಕೈ ತೊಳೆಯುವ ಜಾಗ ನೋಡಿ. ನಾವು ಕೈಯಲ್ಲಿ ಕಲಸಿ ಉಣ್ಣುವವರು. ಸಿಂಕ್ ಒಂದೇ ಇದ್ದರೆ ಊಟದ ಹೊತ್ತಿಗೆ ಅದರ ಮುಂದೆ ಕ್ಯೂ, ನಡುವೆ ಡಬ್ಬಿ ತೊಳೆಯುವವರು ಬೇರೆ. ಕೈಗೆ ಎರಡು ಬೇಸಿನ್, ಡಬ್ಬಿಗೆ ಆಳವಾದ ಸಿಂಕ್ ಬೇರೆಯೇ ಹಾಕಿಸಿ. ನೀರಿನ ಪೈಪ್ ಎಲ್ಲಿದೆಯೋ ಅಲ್ಲೇ ಇದು ಬರಬೇಕು, ಹಾಗಾಗಿ ಉಳಿದ ಪ್ಲಾನ್ ಆಮೇಲೆ.

ದೊಡ್ಡ ಟೇಬಲ್ ಒಂದೇ ಬೇಡ. ಲಾಕ್ ಆಗುವ ಚಕ್ರ ಇರುವ, ಮಡಚುವ ಆರಡಿ ಟೇಬಲ್ ತಗೊಳ್ಳಿ. ಒಬ್ಬರಿಗೆ ಎರಡಡಿ ಲೆಕ್ಕ ಹಿಡಿದರೆ ಎದುರುಬದುರು ಆರು ಜನ. ಎರಡು ಬ್ಯಾಚ್ ಮಾಡಿದರೆ ನಾಲ್ಕು ಟೇಬಲ್ ಸಾಕು. ಮೇಲೆ ಲ್ಯಾಮಿನೇಟ್ ಇರಲಿ. ಪಾಲಿಶ್ ಇಲ್ಲದ ಮರಕ್ಕೆ ಸಾರಿನ ಅರಿಶಿನ ಹಿಡಿದರೆ ಸುಲಭಕ್ಕೆ ಹೋಗಲ್ಲ.

ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಒಗ್ಗರಣೆ ವಾಸನೆ ಮೂರು ಗಂಟೆಯ ಮೀಟಿಂಗ್‌ಗೂ ಉಳಿಯುತ್ತದೆ.

ಇನ್ನೊಂದು ಮಾತು, ಹೌಸ್‌ಕೀಪಿಂಗ್ ಅಕ್ಕಂದಿರೂ ಅದೇ ಟೇಬಲ್‌ನಲ್ಲಿ ಉಣ್ಣಲಿ. ಅವರನ್ನು ಮೆಟ್ಟಿಲ ಕೆಳಗೆ ಕೂರಿಸುವುದು ಸರಿಯಲ್ಲ, ಅಲ್ವಾ?

ಕಿಟಕಿ ಯಾವ ಗೋಡೆಯಲ್ಲಿದೆ ಹೇಳಿ, ಫ್ಯಾನ್ ಎಲ್ಲಿ ಇಡಬಹುದು ಅಂತ ನೋಡೋಣ.