ಹಳೆಯ ಕಾರಿಗೆ ಪವರ್ ಸ್ಟೀರಿಂಗ್: ಹೈಡ್ರಾಲಿಕ್ಕೋ, ಎಲೆಕ್ಟ್ರಿಕ್ಕೋ?

ಪ್ರಶ್ನೆ: ನನ್ನ ಹಳೆಯ ಕಾರಿನಲ್ಲಿ ಪವರ್ ಸ್ಟೀರಿಂಗ್ ಇಲ್ಲ. ಪಾರ್ಕಿಂಗ್ ಮಾಡುವಾಗ ಸ್ಟೀರಿಂಗ್ ತಿರುಗಿಸಲು ತುಂಬಾ ಕಷ್ಟವಾಗುತ್ತಿದೆ. ಹೈಡ್ರಾಲಿಕ್ ಮತ್ತು ಎಲೆಕ್ಟ್ರಿಕ್ ವ್ಯವಸ್ಥೆಗಳಲ್ಲಿ ಯಾವುದನ್ನು ಅಳವಡಿಸಿಕೊಳ್ಳಬಹುದು?

ಉತ್ತರ: ಮೊದಲು ಮುಂದಿನ ಟೈರುಗಳ ಗಾಳಿ, ಬಾಲ್ ಜಾಯಿಂಟ್‌ಗಳು ಮತ್ತು ವೀಲ್ ಅಲೈನ್‌ಮೆಂಟ್ ಪರೀಕ್ಷಿಸಿ. ಎಷ್ಟೋ ಸಲ ಸ್ಟೀರಿಂಗ್ ಬಿಗಿಯಾಗಲು ಇವೇ ಕಾರಣವಾಗಿರುತ್ತವೆ.

1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಂದಿಗೆ ಮಾರುಕಟ್ಟೆಗೆ ಬಂದ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಎಂಜಿನ್ನಿನ ಬೆಲ್ಟ್‌ನಿಂದ ನಡೆಯುವ ಪಂಪು ತೈಲಕ್ಕೆ ಒತ್ತಡ ಕೊಡುತ್ತದೆ. ರಸ್ತೆಯ ಸ್ಪರ್ಶ ಕೈಗೆ ಚೆನ್ನಾಗಿ ಸಿಗುತ್ತದೆ. ಆದರೆ ನೇರವಾಗಿ ಸಾಗುವಾಗಲೂ ಪಂಪು ಎಂಜಿನ್ನಿನ ಶಕ್ತಿಯನ್ನು ಬಳಸುತ್ತಲೇ ಇರುತ್ತದೆ. ಇದನ್ನು ಅಳವಡಿಸಲು ಚಕ್ರಗಳನ್ನು ತಿರುಗಿಸುವ ಹಲ್ಲಿನ ದಂಡವಾದ ರ‍್ಯಾಕ್, ಪಂಪು, ಪುಲ್ಲಿ, ಬ್ರ್ಯಾಕೆಟ್, ಹೋಸುಗಳೆಲ್ಲವೂ ಬೇಕು. ನಿಮ್ಮದೇ ಮಾದರಿಯ ಮೇಲ್ದರ್ಜೆಯ ಆವೃತ್ತಿಯಲ್ಲಿ ಇದು ಇದ್ದಿದ್ದರೆ ಮಾತ್ರ ಈ ದಾರಿ ಸುಲಭ.

ಇಲ್ಲವಾದರೆ ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ದಂಡವಾದ ಸ್ಟೀರಿಂಗ್ ಕಾಲಮ್‌ಗೆ ಮೋಟಾರು ಜೋಡಿಸುವ ಎಲೆಕ್ಟ್ರಿಕ್ ವ್ಯವಸ್ಥೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ತಿರುಗಿಸುವ ಬಲವನ್ನು ಟಾರ್ಕ್ ಸೆನ್ಸರ್ ಅಳೆಯುತ್ತದೆ; ಅಗತ್ಯವಿದ್ದಾಗಷ್ಟೇ ಮೋಟಾರು ನೆರವಾಗುತ್ತದೆ. ನಿಂತಲ್ಲೇ ತಿರುಗಿಸುವಾಗ ಅದು ಹತ್ತಾರು ಆಂಪಿಯರ್ ವಿದ್ಯುತ್ ಎಳೆಯುವುದರಿಂದ ಬ್ಯಾಟರಿಯಿಂದ ದಪ್ಪ ತಂತಿಯನ್ನು ಪ್ರತ್ಯೇಕ ಫ್ಯೂಸಿನೊಂದಿಗೆ ಎಳೆಯಬೇಕು ಮತ್ತು ಎಂಜಿನ್ನಿನಿಂದ ವಿದ್ಯುತ್ ತಯಾರಿಸುವ ಆಲ್ಟರ್ನೇಟರಿನ ಸಾಮರ್ಥ್ಯವನ್ನು ಖಚಿತಪಡಿಸಿಕೊಳ್ಳಬೇಕು. ವೇಗದ ಸಂಕೇತವನ್ನೂ ಅದರ ನಿಯಂತ್ರಕಕ್ಕೆ ಕೊಡಿ. ಹೆಚ್ಚಿನ ವೇಗದಲ್ಲಿ ನೆರವು ಕಡಿಮೆಯಾಗದಿದ್ದರೆ ಸ್ಟೀರಿಂಗ್ ಅಪಾಯಕಾರಿಯಾಗಿ ಹಗುರವಾಗುತ್ತದೆ. ಹಳೆಯ ರ‍್ಯಾಕ್ ಉಳಿಯುವುದರಿಂದ ಸ್ಟೀರಿಂಗ್ ತಿರುಗಿಸಬೇಕಾದ ಸುತ್ತುಗಳ ಸಂಖ್ಯೆ ಮಾತ್ರ ಕಡಿಮೆಯಾಗುವುದಿಲ್ಲ.

ಕಾಲಮ್ ಶಾಫ್ಟನ್ನು ಕತ್ತರಿಸಿ ಬೆಸುಗೆ ಹಾಕುವ ಕೆಲಸವನ್ನು ಅನುಭವಿ ತಜ್ಞರಿಗಷ್ಟೇ ಒಪ್ಪಿಸಿ. ಅಪಘಾತದಲ್ಲಿ ಕುಸಿಯುವಂತೆ ರೂಪಿಸಿದ ಕಾಲಮ್ಮಿನ ಆ ಗುಣ ಕೆಡಬಾರದು.