ಅಮೆರಿಕದ ಡ್ರಮ್ ಕೋರ್ ತಂಡಗಳು ಖರ್ಚು ತಾಳಿಕೊಂಡು ಉಳಿಯುತ್ತವೆಯೇ?

ಉಳಿಯುತ್ತವೆ, ಆದರೆ ಕಡಿಮೆ ಓಡಾಡಿ. ಡ್ರಮ್ ಕೋರ್ ಎಂದರೆ ಹಿತ್ತಾಳೆ ವಾದ್ಯ, ಡ್ರಮ್, ಧ್ವಜಗಳೊಂದಿಗೆ ಮೈದಾನದಲ್ಲಿ ಹೆಜ್ಜೆ ಹಾಕುತ್ತಾ ಪ್ರದರ್ಶನ ಕೊಡುವ, ಬೇಸಿಗೆಯಲ್ಲಿ ಊರೂರು ಸುತ್ತಿ ಸ್ಪರ್ಧಿಸುವ ಯುವಜನರ ತಂಡ. 1934ರಲ್ಲಿ ಹುಟ್ಟಿದ ಕ್ಯಾಡೆಟ್ಸ್ ತಂಡವೇ 2024ರಲ್ಲಿ ಬಾಗಿಲು ಮುಚ್ಚಿತು. ಹಾಗಾಗಿ ಹೆಸರು, ಪದಕಗಳಿದ್ದರೆ ಸಾಕು ಎನ್ನುವಂತಿಲ್ಲ.

ಹಣ ಕರಗುವುದು ವಾದ್ಯಕ್ಕಿಂತ ಹೆಚ್ಚಾಗಿ ರಸ್ತೆಯಲ್ಲಿ. ಡಿಸಿಐ (ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆ) ನಡೆಸುವ ಸ್ಪರ್ಧೆಯ ದೊಡ್ಡ ತಂಡದಲ್ಲಿ ವಾದಕರು, ಧ್ವಜ ಬೀಸುವವರು ಸೇರಿ ಸದಸ್ಯರೇ ನೂರೈವತ್ತಕ್ಕೂ ಹೆಚ್ಚು. ತರಬೇತುದಾರರು, ಅಡುಗೆಯವರು, ಚಾಲಕರು ಸೇರಿ 200 ಜನ ಎಂದಿಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಊಟವೆಂದರೆ 800 ತಟ್ಟೆ, ಅದೂ ಲಾರಿಯೊಳಗಿನ ಅಡುಗೆಮನೆಯಿಂದ. ಮಲಗುವುದು ಶಾಲೆಯ ಜಿಮ್ ನೆಲದ ಮೇಲೆ. ಹೋಟೆಲ್ ಹಿಡಿದರೆ ಲೆಕ್ಕ ಅಲ್ಲೇ ಮುಗಿಯಿತು.

ಜನರಿಗೆ ನಾಲ್ಕೈದು ಬಸ್ಸು ಬೇಕು, ಸಾಮಾನಿಗೆ ಲಾರಿಗಳು ಬೇರೆ. ಬಸ್ ಚಾಲಕ 10 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಮತ್ತೆ ಓಡಿಸಲು ಸತತ 8 ಗಂಟೆ ಬಿಡುವು ಕಡ್ಡಾಯ. ದೂರ ಹೆಚ್ಚಾದರೆ ಎರಡನೇ ಚಾಲಕನ ಸಂಬಳವೂ ಸೇರುತ್ತದೆ. ಮೈದಾನದಲ್ಲಿ ನಿಲ್ಲಿಸುವ ದೊಡ್ಡ ಪ್ರಾಪ್‌ಗಳದ್ದೇ (ಪ್ರದರ್ಶನದ ಅಲಂಕಾರ ಸಾಮಗ್ರಿ) ನನ್ನ ಮಟ್ಟಿಗೆ ಅತಿ ದುಬಾರಿ ಮೋಹ: ಒಂದು ಲಾರಿ ಹೆಚ್ಚಾಯಿತೆಂದರೆ ಬಾಡಿಗೆ, ಡೀಸೆಲ್, ಚಾಲಕ, ವಿಮೆ ಎಲ್ಲವೂ ಹೆಚ್ಚು.

ಆದಾಯ ಮುಖ್ಯವಾಗಿ ಸದಸ್ಯರ ಶುಲ್ಕ, ದೇಣಿಗೆ, ಬಿಂಗೊ ಆಟ, ಟೀ-ಶರ್ಟ್ ಮಾರಾಟದಿಂದ. ಶುಲ್ಕ ಸಾವಿರಾರು ಡಾಲರ್. ಏರಿಸುತ್ತಾ ಹೋದರೆ ಬಡ ಮನೆಯ ಮಕ್ಕಳು ಸೇರುವುದೇ ಇಲ್ಲ. ಜೊತೆಗೆ ಬೇಸಿಗೆಯ ಸಂಪಾದನೆಯೂ ಅವರಿಗೆ ತಪ್ಪುತ್ತದೆ.

ಆದ್ದರಿಂದ ಮೊದಲು ಕತ್ತರಿಸಬೇಕಾದದ್ದು ಮೈಲಿ. ಜುಲೈ ಮಧ್ಯದವರೆಗೆ ಪ್ರಾದೇಶಿಕ ಸ್ಪರ್ಧೆ, ಆಗಸ್ಟ್‌ನಲ್ಲಿ ಮಾತ್ರ ಇಂಡಿಯಾನಾಪೊಲಿಸ್‌ನ ಫೈನಲ್‌ಗೆ ಪ್ರಯಾಣ. ಬಸ್ ಒಪ್ಪಂದ ಚಳಿಗಾಲದಲ್ಲೇ ಆಗಲಿ, ಒಂದು ತಿಂಗಳ ಖರ್ಚಿನಷ್ಟು ಮೀಸಲು ಹಣ ಪಕ್ಕಕ್ಕಿರಲಿ.